ಅಂಧರ ಬೇಸಿಗೆ ಶಿಬಿರ: ದುಡ್ಡು ಹೇಗೆ ಕೇಳೋದು, ಕೈ ಹೇಗೆ ಹಿಡಿಯೋದು?

ಪ್ರಶ್ನೆ: ಮೇಡಂ, ನಮಸ್ತೆ. ನಾವು ತುಮಕೂರಿನ ಏಳೆಂಟು ಗೆಳೆಯರು ಸೇರಿ ಮೇ ತಿಂಗಳಲ್ಲಿ 5 ದಿನದ ಶಿಬಿರ ಮಾಡಬೇಕು ಅಂತ ಹೊರಟಿದ್ದೇವೆ. ಶಿರಾ, ಪಾವಗಡ, ಗುಬ್ಬಿ ಕಡೆಯಿಂದ ಕಣ್ಣು ಕಾಣದ 30 ಜನ ಬರುತ್ತಾರೆ. ಮಕ್ಕಳಿದ್ದಾರೆ, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋದ ದೊಡ್ಡವರೂ ಇದ್ದಾರೆ. ಸ್ವಯಂಸೇವಕರು 12 ಜನ, ಒಬ್ಬರಿಗೂ ಅನುಭವ ಇಲ್ಲ. ಖರ್ಚು 1 ಲಕ್ಷ 80 ಸಾವಿರ ಆಗಬಹುದು, ಕೈಯಲ್ಲಿರುವುದು 40 ಸಾವಿರ. ಮಕ್ಕಳ ಫೋಟೋ ಹಾಕಿ 'ಕತ್ತಲ ಬದುಕಿಗೆ ಬೆಳಕಾಗಿ' ಅಂತ ಪೋಸ್ಟರ್ ಮಾಡಿ ವಾಟ್ಸಾಪ್‌ನಲ್ಲಿ ಬಿಡೋಣ ಅಂತಿದ್ದೇವೆ. ಸರಿನಾ?

ಉತ್ತರ: ಶಿಬಿರ ಮಾಡಿ, ಪೋಸ್ಟರ್ ಬೇಡ. ಬಿಳಿ ಕೋಲು ಹಿಡಿದು ಓಡಾಡುವುದನ್ನು ಹೇಳಿಕೊಡುವುದೇ ನನ್ನ ಕೆಲಸ, ಅಯ್ಯೋ ಪಾಪ ಅಂತ ಬಂದ ದುಡ್ಡು ಏನಾಗುತ್ತೆ ಅಂತ ನೋಡಿದ್ದೇನೆ. ಒಂದು ಸಲ ಒಬ್ಬ ದಾನಿ 50 ಕೋಲು ತಂದುಕೊಟ್ಟರು. ಎಲ್ಲವೂ ಒಂದೇ ಉದ್ದ. ಕೋಲು ನೆಟ್ಟಗೆ ನಿಲ್ಲಿಸಿದರೆ ಹಿಡಿಯುವವರ ಎದೆ ಮಟ್ಟಕ್ಕೆ ಬರಬೇಕು, ಅಲ್ವಾ? ಎಂಟು ವರ್ಷದ ಹುಡುಗನಿಗೆ ಅದು ಹಣೆಗೆ ತಾಗುತ್ತಿತ್ತು. ಮುಖ್ಯ ಅತಿಥಿ ಬರುವ ತನಕ ಮಕ್ಕಳನ್ನು ಒಂದೂವರೆ ಗಂಟೆ ಬಿಸಿಲಲ್ಲಿ ಕೂರಿಸಿದರು. ಹಾರ, ಶಾಲು, ಫೋಟೋ ಎಲ್ಲ ಆಯ್ತು, ಕೋಲು ಸ್ಟೋರ್ ರೂಮ್ ಸೇರಿದವು.

ಅದಕ್ಕೇ ಮೊದಲು ಆ 30 ಜನಕ್ಕೂ ಫೋನ್ ಮಾಡಿ. ಏನು ಬೇಕು, ಕೋಲು ಇದೆಯಾ, ಎತ್ತರ ಎಷ್ಟು, ಮೊಬೈಲ್‌ನಲ್ಲಿ ಪರದೆ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸಲು ಬರುತ್ತಾ, ಶುಗರ್ ಮಾತ್ರೆ ಎಷ್ಟು ಹೊತ್ತಿಗೆ, ಎಲ್ಲ ಕೇಳಿ ಬರೆದುಕೊಳ್ಳಿ. ನಿಮ್ಮ ಬಜೆಟ್ ಅಲ್ಲಿಂದ ಹುಟ್ಟಬೇಕು. ಊಟದ ಲೆಕ್ಕ ನೋಡಿ: 42 ಜನ, ದಿನಕ್ಕೆ 3 ಹೊತ್ತು, 5 ದಿನ, ಒಟ್ಟು 630 ಎಲೆ. 'ದಾನ ಮಾಡಿ' ಅನ್ನುವ ಬದಲು 'ಬುಧವಾರ ರಾತ್ರಿ 42 ಜನರ ಊಟ ನಿಮ್ಮದು' ಅನ್ನಿ. ನಮ್ಮ ಕಡೆ ಜನಕ್ಕೆ ಇದು ಬೇಗ ತಲೆಗೆ ಹೋಗುತ್ತೆ. ಒಬ್ಬರು ರಾಗಿ ಹಿಟ್ಟು ಕೊಡುತ್ತಾರೆ, ತಿಪಟೂರಿನವರು ತೆಂಗಿನಕಾಯಿ ಕಳಿಸುತ್ತಾರೆ. ಒಂದು ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕೊಡಿಸುವವರು ಖಂಡಿತ ಸಿಗುತ್ತಾರೆ.

ವ್ಯಾನ್ ಬಾಡಿಗೆಗೆ ಜಾಸ್ತಿ ದುಡ್ಡು ಎತ್ತಿಡಬೇಡಿ. ಅಂಧರಿಗೆ ಕೆಎಸ್‌ಆರ್‌ಟಿಸಿ ಉಚಿತ ಪಾಸ್ ಇದೆ, ಹೆಂಗಸರಿಗೆ 2023ರಿಂದ ಶಕ್ತಿ ಯೋಜನೆ ಇದೆ. ತುಮಕೂರು ಬಸ್ ಸ್ಟ್ಯಾಂಡಿನಿಂದ ಶಿಬಿರದ ಜಾಗಕ್ಕೆ ಆಟೋ ಮಾಡಿದರೆ ಸಾಕು.

ಈಗ ನಿಮ್ಮ 12 ಜನದ ವಿಷಯ. ಶಿಬಿರದ ಹಿಂದಿನ ಭಾನುವಾರ ಒಂದು ದಿನ ಸರದಿ ಮೇಲೆ ಅವರ ಕಣ್ಣಿಗೆ ಬಟ್ಟೆ ಕಟ್ಟಿ, ಒಬ್ಬರನ್ನೊಬ್ಬರು ನಡೆಸಲಿ. ನೀವು ಕಾಣದವರ ಕೈ ಹಿಡಿದು ಎಳೆಯುವುದಲ್ಲ, ನಿಮ್ಮ ಮೊಣಕೈಗಿಂತ ಸ್ವಲ್ಪ ಮೇಲೆ ಅವರು ಹಿಡಿಯುತ್ತಾರೆ, ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನಿಮ್ಮ ಮೈ ಇಳಿದರೆ ಮೆಟ್ಟಿಲು ಇಳಿಯಿತು ಅಂತ ಅವರಿಗೆ ತಾನಾಗೇ ಗೊತ್ತಾಗುತ್ತೆ. ಆದರೂ 'ಮೆಟ್ಟಿಲು, ಕೆಳಗೆ' ಅಂತ ಬಾಯಲ್ಲೂ ಹೇಳಿ. ಬಾಗಿಲು ಕಿರಿದಾದರೆ ನಿಮ್ಮ ಕೈಯನ್ನು ಬೆನ್ನ ಹಿಂದಕ್ಕೆ ತನ್ನಿ, ಅವರು ನಿಮ್ಮ ಹಿಂದೆ ಸರಿಯುತ್ತಾರೆ. ಕುರ್ಚಿ ಬಂದರೆ ಹೆಗಲು ಅದುಮಿ ಕೂರಿಸಬೇಡಿ, ಕುರ್ಚಿ ಬೆನ್ನಿಗೆ ಅವರ ಕೈ ಮುಟ್ಟಿಸಿ ಸುಮ್ನಿರಿ. ಮಾತು ಮುಗಿಸಿ ಹೋಗುವಾಗ 'ಹೋಗ್ತಿದ್ದೀನಿ' ಅನ್ನಿ, ಇಲ್ಲದಿದ್ದರೆ ಪಾಪ ಖಾಲಿ ಜಾಗದ ಹತ್ತಿರ ಮಾತಾಡುತ್ತಿರುತ್ತಾರೆ.

ಬಡಿಸುವಾಗ ತಟ್ಟೆಯಲ್ಲಿ ಏನು ಎಲ್ಲಿದೆ ಅಂತ ಗಡಿಯಾರದ ಥರ ಹೇಳಿ ಅಂತ ಪುಸ್ತಕದಲ್ಲಿ ಇರುತ್ತೆ. ಗಡಿಯಾರದ ಮುಳ್ಳನ್ನೇ ನೋಡದ ಮಗುವಿಗೆ 'ಮೂರು ಗಂಟೆಗೆ ಪಲ್ಯ' ಅಂದರೆ ಏನು ತಿಳಿಯಬೇಕು? 'ಮುದ್ದೆ ನಿನ್ನ ಕಡೆ, ಸಾರು ಆಚೆ, ಬಿಸಿ ಇದೆ' ಅನ್ನಿ, ಸಾಕು.

ಮತ್ತೊಬ್ಬರ ಪ್ರಶ್ನೆ: ಸರಿ ಮೇಡಂ, ದುಡ್ಡು ಯಾರ ಖಾತೆಗೆ? ನನ್ನ ಫೋನ್‌ಪೇ ಕ್ಯೂಆರ್ ಹಾಕಿಬಿಡಲಾ? ವಸಂತನರಸಾಪುರದ ಫ್ಯಾಕ್ಟರಿಗಳನ್ನೂ ಕೇಳಬೇಕು ಅಂತಿದೆ.

ಉತ್ತರ: ನಿಮ್ಮ ಸ್ವಂತ ಕ್ಯೂಆರ್ ಬೇಡವೇ ಬೇಡ. ನೀವು ಒಳ್ಳೆಯವರೇ ಇರಬಹುದು, ಊರ ಬಾಯಿ ಮುಚ್ಚುವವರು ಯಾರು? 80ಜಿ ನೋಂದಣಿ (ದಾನಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವಂಥದ್ದು) ಇರುವ ಒಂದು ಟ್ರಸ್ಟ್ ಜೊತೆ ಸೇರಿ, ಅವರ ಖಾತೆಗೇ ಬರಲಿ. ತೆರಿಗೆ ವಿನಾಯಿತಿ ಬೇಕು ಅನ್ನುವವರು 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಕ್ಕಿ, ರಾಗಿ ಕೊಟ್ಟದ್ದಕ್ಕೂ ವಿನಾಯಿತಿ ಇಲ್ಲ, ಮೊದಲೇ ಹೇಳಿಬಿಡಿ. ಕಂಪನಿಯ ಸಿಎಸ್‌ಆರ್ ಹಣಕ್ಕೆ, ಅಂದರೆ ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ಹಣಕ್ಕೆ, ಟ್ರಸ್ಟ್ ಸಿಎಸ್‌ಆರ್-1 ಅನ್ನುವ ಸರ್ಕಾರಿ ನೋಂದಣಿ ಮಾಡಿಸಿರಬೇಕು. ಮೇ ಶಿಬಿರಕ್ಕೆ ಏಪ್ರಿಲ್‌ನಲ್ಲಿ ಹೋಗಿ ಗೇಟ್ ತಟ್ಟಿದರೆ ಕಾಫಿ ಕುಡಿಸಿ ಕಳಿಸುತ್ತಾರೆ ಅಷ್ಟೇ. ಅಮೆರಿಕದ ಪೌರತ್ವ ತಗೊಂಡ ನೆಂಟರ ಹಣ ವಿದೇಶಿ ದೇಣಿಗೆ ಆಗುತ್ತೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಒಂದು ದಿನ ದೇವರಾಯನದುರ್ಗ ಅಂದುಕೊಂಡಿದ್ದೆವು. 'ಕಾಣದವರು ಅಲ್ಲಿ ಏನು ನೋಡ್ತಾರೆ' ಅಂತ ಒಬ್ಬ ದಾನಿ ಕೇಳಿದರು, ನಮಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಬೆಟ್ಟದ ಮೇಲೆ ಗಾಳಿ ಮುಖಕ್ಕೆ ಹೊಡೆಯುವುದಕ್ಕೆ ಕಣ್ಣು ಬೇಕಾ? ನಾಮದ ಚಿಲುಮೆಗೂ ಕರೆದುಕೊಂಡು ಹೋಗಿ, ಬಂಡೆಯಿಂದ ನೀರು ಬರುವ ಜಾಗ, ಔಷಧಿ ಗಿಡಗಳೂ ಇವೆ. ಎಲೆ ಮೂಸಿ ನೋಡಬಹುದಾ ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೋತಿ ಕಾಟ ಮಾತ್ರ ಇದೆ. ತಿಂಡಿ ಚೀಲ ಸ್ವಯಂಸೇವಕರ ಹತ್ತಿರ ಇರಲಿ. ವಾಪಸ್ ಬರುವಾಗ ಗುಬ್ಬಿ ಚೇಳೂರಿನ ಹಲಸು ಸಿಕ್ಕರೆ ಒಂದು ಇಡೀ ಹಣ್ಣು ತನ್ನಿ, ಮುಳ್ಳು ಸವರಿ, ಕೈಗೆ ಎಣ್ಣೆ ಹಚ್ಚಿಕೊಂಡು ಅವರೇ ಬಿಡಿಸಲಿ.

ಇನ್ನೊಬ್ಬರು: ನಾನು ಮಂದದೃಷ್ಟಿಯವನು, ಇಂಥ ಶಿಬಿರಕ್ಕೆ ಹೋಗಿದ್ದೆ. ಹೇಗೂ ಕಾಣಲ್ಲವಲ್ಲ ಅಂತ ರಾತ್ರಿ ವರಾಂಡದ ಲೈಟ್ ಎಲ್ಲ ಆರಿಸಿಬಿಟ್ಟರು. ಬಚ್ಚಲಿಗೆ ಹೋಗುವಾಗ ಮೆಟ್ಟಿಲು ಎಡವಿ ಹಲ್ಲು ಮುರಿಯಿತು. ನಮ್ಮಲ್ಲಿ ಎಷ್ಟೋ ಜನಕ್ಕೆ ಅಷ್ಟಿಷ್ಟು ಕಾಣುತ್ತೆ ಸ್ವಾಮಿ.

ಉತ್ತರ: ನೋಡಿ, ಇದನ್ನು ನಾನೇ ಮರೆತಿದ್ದೆ. ರಾತ್ರಿಯಿಡೀ ಲೈಟ್ ಉರಿಯಲಿ, ಮೆಟ್ಟಿಲ ಅಂಚಿಗೆಲ್ಲ ಹಳದಿ ಟೇಪ್ ಅಂಟಿಸಿ. ಬಜೆಟ್‌ನಲ್ಲಿ ಹತ್ತು ರೋಲ್ ಟೇಪ್ ಸೇರಿಸಿಕೊಳ್ಳಿ.