ರ‍್ಯಾಂಕ್ಡ್‌ನಲ್ಲಿ ಹುಲಿ ಆಗಿರೋ ರೇನಾ ಟೂರ್ನಮೆಂಟ್‌ನಲ್ಲಿ ಯಾಕೆ ಇಲಿ ಆಗ್ತಾಳೆ?

ತೊಗರಿಕಣಜ:
ಕಲಬುರಗಿಯಿಂದ ಬರೆಯುತ್ತಿದ್ದೇನೆ. ವ್ಯಾಲರಂಟ್ (ಐದೈದು ಜನರ ಶೂಟಿಂಗ್ ಗೇಮ್) ಆಡುವವರು ಸ್ವಲ್ಪ ಹೇಳಿ. ಎರಡು ವರ್ಷದಿಂದ ನಾನು ರೇನಾ ಬಿಟ್ಟು ಬೇರೆ ಏಜೆಂಟ್ (ಗೇಮ್‌ನ ಪಾತ್ರ) ಮುಟ್ಟಿದ್ದೇ ಕಮ್ಮಿ. ರ‍್ಯಾಂಕ್ಡ್‌ನಲ್ಲಿ, ಅಂದ್ರೆ ಆನ್‌ಲೈನ್ ದರ್ಜೆ ಪಂದ್ಯಗಳಲ್ಲಿ, ಪ್ಲಾಟಿನಂ ದರ್ಜೆವರೆಗೆ ಅವಳೇ ಕೈಹಿಡಿದು ತಂದಳು, 25 ಕಿಲ್ ಬಂದ ದಿನಗಳೂ ಇವೆ. ಹೋದ ಭಾನುವಾರ ಸೂಪರ್ ಮಾರ್ಕೆಟ್ ಕಡೆ ಒಂದು ಕೆಫೆಯಲ್ಲಿ ಟೂರ್ನಮೆಂಟ್ ಇತ್ತು. ಅಸೆಂಟ್ ಮ್ಯಾಪ್, 5-13ಕ್ಕೆ ಸೋತೆವು. ನನ್ನದು 9 ಕಿಲ್, 16 ಡೆತ್. ಪಿಂಗ್ (ನೆಟ್ ತಡ) ನೆಪ ಹೇಳುವುದಿಲ್ಲ, ಎರಡೂ ಟೀಮಿಗೆ ಒಂದೇ ಲೈನ್, ಮುಂಬೈ ಸರ್ವರ್‌ಗೆ 40ರ ಆಸುಪಾಸು ಇತ್ತು. ಎದುರಿನವರ ಗುರಿಯೇನೂ ನಮಗಿಂತ ಮೇಲಲ್ಲ, ಅವರಲ್ಲಿ ಇಬ್ಬರಿಗೆ ರ‍್ಯಾಂಕ್ಡ್‌ನಲ್ಲಿ ನಾನು ಎಷ್ಟೋ ಸಲ ಹೊಡೆದಿದ್ದೇನೆ. ಹಂಗಾದ್ರೆ ತಪ್ಪು ಎಲ್ಲಿ?

ಸ್ಮೋಕ್‌ಹಾಕ್ರಪ್ಪಾ:
ನಿಮ್ಮ ಟೀಮ್‌ನಲ್ಲಿ ಯಾರ‍್ಯಾರಿದ್ದರು?

ತೊಗರಿಕಣಜ:
ರೇನಾ, ಜೆಟ್, ರೇಜ್, ಸೇಜ್, ಸೋವಾ.

ಸ್ಮೋಕ್‌ಹಾಕ್ರಪ್ಪಾ:
ಅಯ್ಯೋ. ಮುಂದೆ ನುಗ್ಗಿ ಹೊಡೆಯೋ ಡ್ಯುಯಲಿಸ್ಟ್‌ಗಳೇ ಮೂರು, ಎದುರಿನವರ ಕಣ್ಣು ಮರೆಸೋ ಸ್ಮೋಕ್ (ಹೊಗೆ) ಹಾಕೋಕೆ ಒಬ್ಬರೂ ಇಲ್ಲ. ಮದುವೆ ಮನೆಯಲ್ಲಿ ಬಡಿಸೋಕೆ ಮೂವರು ನಿಂತು ಒಲೆ ಹತ್ತಿರ ಯಾರೂ ಇಲ್ಲದ ಹಾಗಾಯ್ತು. ಬಾಂಬ್ ಇಡೋ ಎ ಸೈಟ್‌ಗೆ ಹೋಗೋ ಎ ಮೇನ್ ದಾರಿಯಿಂದ ಹೊರಗೆ ಕಾಲಿಟ್ಟರೆ ಮೇಲಿನ ಹೆವನ್‌ನಲ್ಲಿರುವವನಿಗೂ ಕಾಣ್ತೀರಿ, ಜನರೇಟರ್ ಹಿಂದೆ ಇರುವವನಿಗೂ ಕಾಣ್ತೀರಿ. ಅಲ್ಲಿ ರೇನಾ ಏನು ಮಾಡ್ತಾಳೆ ಪಾಪ.

ಬೀದರ್‌ಕೋಟೆ_07:
ಸ್ಮೋಕ್ ಇಲ್ಲದ್ದು ಒಂದು ಕಾರಣ ನಿಜ, ಆದರೆ ಸ್ಮೋಕ್ ಹಾಕುವ ಒಮೆನ್ ಇದ್ದಿದ್ದರೂ ನೀವು ಹೀಗೇ ಆಡಿದರೆ ಸೋಲುತ್ತಿದ್ದಿರಿ ಅಂತ ನನಗನಿಸುತ್ತದೆ. ಯಾವುದಾದರೂ ಒಂದು ರೌಂಡ್ ನೆನಪಿದ್ದರೆ ಬರೆಯಿರಿ.

ತೊಗರಿಕಣಜ:
ಏಳನೇ ರೌಂಡ್ ಚೆನ್ನಾಗಿ ನೆನಪಿದೆ, ಆವತ್ತು ರಾತ್ರಿ ಊಟಕ್ಕೆ ಕೂತಾಗಲೂ ಅದೇ ತಲೇಲಿ ತಿರುಗುತ್ತಿತ್ತು. ಎದುರಿನವರಿಗೆ ದೂರ ಕಾಣದಂತೆ ಮಾಡುವ ಲಿಯರ್ ಕಣ್ಣು ಎಸೆದು ಎ ಮೇನ್‌ನಿಂದ ನುಗ್ಗಿದೆ. ಜನರೇಟರ್ ಹತ್ತಿರ ಇದ್ದವನಿಗೆ ತಲೆಗೇ ಬಿತ್ತು. ತಕ್ಷಣ ಜೀವ ತುಂಬಿಕೊಳ್ಳುವ ಡಿವೋರ್ ಒತ್ತಿದೆ, ರಕ್ತ ತುಂಬ್ತಾ ಇತ್ತು. ಅಷ್ಟರಲ್ಲಿ ಹೆವನ್‌ನಿಂದ ವ್ಯಾಂಡಲ್ ರೈಫಲ್‌ನ ಒಂದೇ ಗುಂಡು. ಹೋದೆ. ಹಿಂದೆ ತಿರುಗಿ ನೋಡಿದರೆ ನಮ್ಮವರು ಇನ್ನೂ ಮೇನ್ ಬಾಗಿಲಲ್ಲೇ ಇದ್ದರು.

ಬೀದರ್‌ಕೋಟೆ_07:
ಉತ್ತರ ನೀವೇ ಬರೆದಿದ್ದೀರಿ ನೋಡಿ. ರೇನಾ ಕೂಲಿ ಲೆಕ್ಕದವಳು. ಕೆಲಸ ಮುಗಿದ ಮೇಲೆಯೇ ದುಡ್ಡು. ಕಿಲ್ ಆದರೆ ಸತ್ತವನ ಆರ್ಬ್ (ಆತ್ಮದ ಗೋಳ) ಬೀಳುತ್ತದೆ, ಅದೂ 3 ಸೆಕೆಂಡ್ ಮಾತ್ರ ಇರುತ್ತದೆ, ಅಷ್ಟರೊಳಗೆ ಡಿವೋರ್ ಒತ್ತಿ ತಿನ್ನಬೇಕು ಇಲ್ಲ ಡಿಸ್ಮಿಸ್ ಒತ್ತಿ ಗುಂಡು ತಾಗದಂತೆ ಓಡಬೇಕು. ಕಿಲ್ ಆಗಲಿಲ್ಲ ಅಂದ್ರೆ ಡಿವೋರ್ ಇಲ್ಲ, ಡಿಸ್ಮಿಸ್ ಇಲ್ಲ, ಕೈಯಲ್ಲಿ ಉಳಿಯುವುದು ಆ ಕಣ್ಣು ಮಾತ್ರ. ಅದನ್ನೂ ಎದುರಿನವರು ಗುಂಡು ಹೊಡೆದು ಒಡೆಯುತ್ತಾರೆ. ಜೆಟ್ ನೋಡಿ, ಒಂದೂ ಕಿಲ್ ಇಲ್ಲದೆ ಡ್ಯಾಶ್ ಹೊಡೆದು ಸೈಟ್ ಒಳಗೆ ಹೋಗ್ತಾಳೆ. ಸೋವಾ ಬಾಣ ಬಿಟ್ಟು ಯಾರು ಎಲ್ಲಿದ್ದಾರೆ ಅಂತ ಮೊದಲೇ ತೋರಿಸ್ತಾನೆ. ಅವರೆಲ್ಲ ಮುಂಗಡ ಕೊಡುವವರು.

ರ‍್ಯಾಂಕ್ಡ್‌ನಲ್ಲಿ ಎದುರಿಗೆ ಐದು ಜನ ಐದು ಕಡೆ. ಒಬ್ಬೊಬ್ಬನೇ ಸಿಗ್ತಾನೆ, ಹೊಡೀತೀರಿ, ತಿಂತೀರಿ, ಮುಂದಿನವನು ಸಿಗ್ತಾನೆ. ಅಭ್ಯಾಸ ಇರುವ ಟೀಮ್ ಒಬ್ಬನ ಹಿಂದೆ ಇನ್ನೊಬ್ಬನನ್ನು ನಿಲ್ಲಿಸಿಯೇ ಇರುತ್ತದೆ. ನೀವು ಒಬ್ಬನನ್ನು ಕೊಂದ ಗಳಿಗೆಯಲ್ಲೇ ಎರಡನೆಯವನು ನಿಮ್ಮನ್ನು ಹೊಡೆದು ಟ್ರೇಡ್ ಮಾಡ್ತಾನೆ. ಡಿವೋರ್‌ನಿಂದ ಜೀವ 150ರ ತನಕ ಏರಿದರೂ ಉಪಯೋಗ ಇಲ್ಲ, ವ್ಯಾಂಡಲ್ ತಲೆಗೆ ಬಿದ್ದರೆ 160 ಹೋಗುತ್ತದೆ. ಅಲ್ಲಿ ನೀವು ಡಿಸ್ಮಿಸ್ ಒತ್ತಬೇಕಿತ್ತು. ಎರಡಕ್ಕೂ ಸೇರಿ ಇರುವುದೇ 2 ಚಾರ್ಜ್, ಅದರಲ್ಲಿ ಒಂದನ್ನು ಬಯಲಲ್ಲಿ ನಿಂತು ಹೊಟ್ಟೆ ತುಂಬಿಸಿಕೊಳ್ಳೋಕೆ ಕಳೆದಿರಿ.

ಇನ್ನೊಂದು, ಇದು ಸ್ವಲ್ಪ ಚುಚ್ಚಬಹುದು: ರೇನಾ ಆಡುವವರಿಗೆ ಟೀಮ್ ಜತೆ ಮಾತಾಡುವ ಅಭ್ಯಾಸ ತಪ್ಪಿಹೋಗಿರುತ್ತದೆ. ಮಾತಾಡದೆಯೂ ಗೆದ್ದು ಗೆದ್ದು. ನನಗೂ ಅದೇ ರೋಗ ಇತ್ತು.

ಬಿಸಿಲೂರು:
ಯಾದಗಿರಿಯಿಂದ ನಮಸ್ಕಾರ. ಎಲ್ಲರೂ ರೇನಾಳನ್ನೇ ಬೈತೀರಲ್ಲ, ನಾನು ಒಪ್ಪಲ್ಲ. ಮೊದಲು ನುಗ್ಗುವುದನ್ನು ಬಿಡಿ ಸಾಕು. ಜೆಟ್ ಇಲ್ಲ ರೇಜ್ ಮುಂದೆ ಹೋಗಲಿ, ನೀವು ಎರಡನೆಯವರಾಗಿ ಹೋಗಿ. ನಿಮ್ಮ ಗುಂಡು ಒಂದು ತಾಗಿ, 3 ಸೆಕೆಂಡ್ ಒಳಗೆ ನಿಮ್ಮವರು ಅವನನ್ನು ಮುಗಿಸಿದರೂ ನಿಮಗೆ ಆರ್ಬ್ ಸಿಗುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕಣ್ಣನ್ನೂ ನಿಮಗೋಸ್ಕರ ಎಸೀಬೇಡಿ, ಮುಂದೆ ಹೋಗುವವನಿಗೋಸ್ಕರ ಎಸೀರಿ. ಎತ್ತರಕ್ಕೆ, ಹೆವನ್ ಕಡೆಗೆ. ದೂರ ಇರೋವನಿಗೇ ಅದು ತೊಂದರೆ ಕೊಡೋದು, ಪಕ್ಕದಲ್ಲೇ ನಿಂತವನಿಗೆ ನೀವು ಕಾಣ್ತಾನೇ ಇರ್ತೀರಿ.

ಸ್ಮೋಕ್‌ಹಾಕ್ರಪ್ಪಾ:
ಮತ್ತೆ ಹೇಳ್ತೀನಿ, ಸೇಜ್ ಆಡುವವರಿಗೆ ಒಮೆನ್ ಕೊಡಿ.

ತೊಗರಿಕಣಜ:
ನಿನ್ನೆ ಕಸ್ಟಮ್ ಅಭ್ಯಾಸ ಮ್ಯಾಚ್ ಹಾಕಿ ಎಂಟು ರೌಂಡ್ ಎರಡನೆಯವನಾಗಿ ಹೋದೆ. ಕೈ ತಡೆಯಲ್ಲ ಮಾರಾಯ್ರೆ, ಎರಡು ಸಲ ಜೆಟ್‌ಗಿಂತ ಮುಂದೆ ಓಡಿಬಿಟ್ಟೆ, ಅವನು ಮೈಕ್‌ನಲ್ಲಿ ಬೈದ. ಆದರೆ ಒಂದು ರೌಂಡ್‌ನಲ್ಲಿ ಬಿಸಿಲೂರು ಹೇಳಿದ ಹಾಗೆಯೇ ಆಯ್ತು. ನಾನು ಬರೀ ಕಾಲಿಗೆ ಹೊಡೆದಿದ್ದೆ, ರೇಜ್ ಮುಗಿಸಿದ, ಆರ್ಬ್ ನನಗೆ ಬಂತು, ಡಿಸ್ಮಿಸ್ ಒತ್ತಿ ಜನರೇಟರ್ ಹಿಂದೆ ಸೇರಿಕೊಂಡೆ. ಒಮೆನ್ ವಿಷಯ ಗ್ರೂಪ್‌ನಲ್ಲಿ ಹಾಕಿದ್ದೇನೆ. ಐದೂ ಜನ ಓದಿದ್ದಾರೆ, ಇನ್ನೂ ಒಬ್ಬರೂ ಉತ್ತರ ಕೊಟ್ಟಿಲ್ಲ.

ಸ್ಮೋಕ್‌ಹಾಕ್ರಪ್ಪಾ:
ಐದರಲ್ಲಿ ನೀವೂ ಒಬ್ಬರಲ್ವಾ?