ಅಜ್ಜನ ಪೆಟ್ಟಿಗೆಯಲ್ಲಿ ಏಡನ್ ಸೀಲು: ನೀರಿಗೆ ಹಾಕುವ ಮೊದಲು ಓದಿ

ಪ್ರಶ್ನೆ (ಉಡುಪಿ ಕಡೆಯ ಸದಸ್ಯರು): ಸರ್, ಅಜ್ಜನ ಪೆಟ್ಟಿಗೆಯಲ್ಲಿ ಕವರಿನ ಮೂಲೆ ಕತ್ತರಿಸಿದ ಚೂರುಗಳು ಸಿಕ್ಕಿವೆ. ಎರಡು ಇಡೀ ಕವರ್ ಕೂಡ ಇವೆ. ವಿಕ್ಟೋರಿಯಾ ರಾಣಿಯ ಮಾಮೂಲಿ ಇಂಡಿಯಾ ಸ್ಟಾಂಪುಗಳೇ, ಆದರೆ ಸೀಲಿನಲ್ಲಿ ‘ಬಿ-22’ ಅಂತ ಇದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಸ್ಟಾಂಪ್ ಬಿಡಿಸಿಕೊಳ್ಳಲಾ?

ಉತ್ತರ: ಬೇಡ, ದಯವಿಟ್ಟು ಬೇಡ. ನಿಮ್ಮ ಹತ್ತಿರ ಇರುವುದರ ಬೆಲೆ ಸ್ಟಾಂಪಿನಲ್ಲಿಲ್ಲ, ಸೀಲಿನಲ್ಲಿದೆ. ಬಿ-22 ಅಂದರೆ ಏಡನ್, ಈಗಿನ ಯೆಮೆನ್‌ನ ಬಂದರು. ಬಿ ಎಂದರೆ ಬಾಂಬೆ ಸರ್ಕಲ್, ಅಂದರೆ ಬಾಂಬೆ ಅಂಚೆ ವಲಯ.

1839ರಲ್ಲಿ ಬ್ರಿಟಿಷರು ಏಡನ್ ಹಿಡಿದ ಮೇಲೆ ಅದರ ಆಡಳಿತ ಬಾಂಬೆಯಿಂದಲೇ ನಡೆಯಿತು. ಹಾಗಾಗಿ ಅಂಚೆಯೂ ನಮ್ಮದೇ, ಸ್ಟಾಂಪೂ ನಮ್ಮದೇ. ಏಡನ್‌ಗೆ ಸ್ವಂತ ಸ್ಟಾಂಪ್ ಬಂದದ್ದು 1937ರ ಏಪ್ರಿಲ್ 1ಕ್ಕೆ, ಭಾರತದಿಂದ ಬೇರೆಯಾದ ದಿನ. ಅದಕ್ಕೂ ಮುಂಚಿನದಾದರೆ ಸೀಲು ನೋಡದೆ ಬೇರೆ ದಾರಿಯೇ ಇಲ್ಲ. ಅದೇ ಸ್ಟಾಂಪಿನ ಮೇಲೆ ಬಾಂಬೆ ಸೀಲಿದ್ದರೆ ಚಿಲ್ಲರೆ ಕಾಸು. ಏಡನ್ ಇದ್ದರೆ ಕೇಳುವವರು ಇದ್ದಾರೆ. ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗಿನಲ್ಲಿ ಏಡನ್ ಸೀಲಿನ ಇಂಡಿಯಾ ಸ್ಟಾಂಪುಗಳಿಗೆ ಏಡನ್ ಪುಟದಲ್ಲೇ ‘ಝಡ್’ (Z) ಅಕ್ಷರದಿಂದ ಶುರುವಾಗುವ ನಂಬರು ಕೊಟ್ಟಿರುತ್ತಾರೆ.

ಈಗ ಭೂತಗನ್ನಡಿ ತಗೊಳ್ಳಿ. ಈ ಸೀಲು ಸಾಮಾನ್ಯವಾಗಿ ಜೋಡಿ. ಒಂದು ಕಡೆ ಏಡನ್ ಹೆಸರು, ತಾರೀಖು ಇರುವ ದುಂಡು. ಪಕ್ಕದಲ್ಲಿ ಗೆರೆಗಳ ನಡುವೆ ಬಿ-22. ಬಿಡಿ ಸ್ಟಾಂಪಿನ ಮೇಲೆ ಅರ್ಧ ಮಾತ್ರ ಬಿದ್ದಿರುತ್ತದೆ. ಇನ್ನರ್ಧ ಕಾಗದದ ಮೇಲೆ. ಆ ಕಾಗದವನ್ನೇ ನೀವು ನೀರಿಗೆ ಹಾಕಲು ಹೊರಟಿದ್ದು! ಅಕ್ಷರ ಕಾಣದೆ ಬರೀ 22 ನೋಡಿ ಏಡನ್ ಅನ್ನಬೇಡಿ, ಬೇರೆ ಸರ್ಕಲ್‌ಗಳಿಗೂ ನಂಬರು ಇದ್ದವು. ಇದಕ್ಕೂ ಹಳೆಯ ಏಡನ್ ಸೀಲಿನಲ್ಲಿ ಅಕ್ಷರವೇ ಇಲ್ಲ. ವಜ್ರದಾಕಾರದ ಗೆರೆಗಳ ಮಧ್ಯೆ 124 ಅಂತ ಅಷ್ಟೇ.

ಕವರಿನ ಮೇಲೆ ಎರಡೂವರೆ ಆಣೆಯ ಹಸಿರು ಸ್ಟಾಂಪ್ ಇದೆಯಾ ನೋಡಿ. 1892ರಲ್ಲಿ ಬಂದದ್ದು. ಆಗ ವಿದೇಶಕ್ಕೆ ಹೋಗುವ ಪತ್ರದ ದರ ಅಷ್ಟಿತ್ತು. ಅದು ಇಡೀ ಕವರಿನ ಮೇಲೇ ಇದ್ದರೆ ಹಿಂಭಾಗದ ಸೀಲನ್ನೂ ಓದಿ. ‘ಸೀ ಪೋಸ್ಟ್ ಆಫೀಸ್’ ಅಂತ ಕಂಡರೆ ಅದು ಹಡಗಿನಲ್ಲೇ ಡಾಕು ವಿಂಗಡಿಸಿದವರು ಹೊಡೆದದ್ದು. ಬರೀ ಆ ಸೀಲು ನೋಡಿ ಪತ್ರ ಏಡನ್ನಿನಿಂದ ಹೊರಟಿತು ಅನ್ನಲಾಗದು.

ಇನ್ನೊಬ್ಬರು: ನನ್ನಲ್ಲಿ ‘ಬಿ 172’ ಇದೆ. ಬಾಂಬೆಯಾ?

ಉತ್ತರ: ಅಲ್ಲ, ಸಿಂಗಾಪುರ! ನಿಮ್ಮ ಸೀಲಿನಲ್ಲಿ ಬಿ ಅಂದರೆ ಬಾಂಬೆಯಲ್ಲ, ಬಂಗಾಳ ಸರ್ಕಲ್. ಪೆನಾಂಗ್ 147, ಮಲಾಕ್ಕಾ 109. 1867ರಲ್ಲಿ ಈ ಮೂರು ಊರುಗಳಿಗೆ ಬೇರೆ ಸ್ಟಾಂಪ್ ಬರುವವರೆಗೆ ನಮ್ಮದೇ ಓಡುತ್ತಿತ್ತು. ಫೋಟೋ ಹಾಕಿ, ಹಿಂದು ಮುಂದು ಎರಡೂ.

ಮತ್ತೊಬ್ಬರು: ಏಡನ್ನಿನ 1937ರ ಹಾಯಿದೋಣಿ ಚಿತ್ರದ ಸೆಟ್ಟಿನ 10 ರೂಪಾಯಿಯದು ಒಬ್ಬರು ಅಗ್ಗಕ್ಕೆ ಕೊಡುತ್ತೇನೆ ಅಂತಾರೆ. ಬಳಸಿದ್ದು. ತಗೊಳ್ಳಲಾ?

ಉತ್ತರ: ಆ ಸೆಟ್ಟಿನಲ್ಲಿ ಅರ್ಧ ಆಣೆಯಿಂದ 10 ರೂಪಾಯಿವರೆಗೆ ಒಟ್ಟು 12 ಇವೆ. ಚಿಕ್ಕವು ಯಾರಿಗಾದರೂ ಸಿಗುತ್ತವೆ, ತಲೆನೋವು ದೊಡ್ಡವುಗಳದ್ದೇ. ಅಗ್ಗ ಅಂದಕೂಡಲೇ ಓರೆ ಮಾಡಿ ಬೆಳಕಿಗೆ ಹಿಡಿಯಿರಿ. ಪೆನ್ನಿನ ಗೆರೆ ಅಥವಾ ಕಚೇರಿಯ ನೇರಳೆ ರಬ್ಬರ್ ಸೀಲಿನ ಕುರುಹು ಇದ್ದರೆ ಅದು ದಸ್ತಾವೇಜಿಗೆ ಅಂಟಿಸಿದ್ದು ಅಂತ ಅನುಮಾನ ಪಡಿ. ಪತ್ರದ ಮೇಲೆ ಹೋದದ್ದಲ್ಲ. ಕೆಲವರು ಆ ಗೆರೆ ತೊಳೆದು ಮೇಲೆ ಚಂದದ ದುಂಡು ಸೀಲು ಹೊಡೆಯುತ್ತಾರೆ. ಲಂಡನ್ನಿನಲ್ಲಿ ‘ಮೇಡಮ್ ಜೋಸೆಫ್’ ಹೆಸರಿನಲ್ಲಿ ಹೆಸರಾದ ನಕಲಿ ಸೀಲುಗಳ ರಾಶಿಯೇ ಇತ್ತು, ಬ್ರಿಟಿಷ್ ವಸಾಹತುಗಳ ಊರೂರಿನವು. ಬಳಸಿದ ಸ್ಟಾಂಪಿಗೆ ಹೊಸದಕ್ಕಿಂತ ಜಾಸ್ತಿ ಬೆಲೆ ಇದ್ದಲ್ಲಿ ಇಂಥ ಕೈಚಳಕ ನಡೆಯುತ್ತದೆ. ಪರಿಣತರ ಸರ್ಟಿಫಿಕೇಟ್ ಇಲ್ಲದೆ ಕೊಳ್ಳಬೇಡಿ. ‘ನಂಬಿಕೆ ಇಡಿ’ ಅನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಸರ್. ಚೂರುಗಳನ್ನು ಆಲ್ಬಮ್ಮಿಗೆ ಅಂಟಿಸಬಹುದಾ?

ಉತ್ತರ: ಗೋಂದು, ಟೇಪು ಹತ್ತಿರವೂ ತರಬೇಡಿ. ಚಿಮುಟದಲ್ಲಿ ಹಿಡಿದು ಸ್ಟಾಕ್ ಬುಕ್ಕಿನ ಪಟ್ಟಿಯೊಳಗೆ ಸುಮ್ನೆ ಸಿಕ್ಕಿಸಿ. ಕವರಿಗೆ ಪಿವಿಸಿ ಇಲ್ಲದ ಪ್ಲಾಸ್ಟಿಕ್ ಚೀಲ ಕೇಳಿ ತಗೊಳ್ಳಿ. ಮಳೆಗಾಲದಲ್ಲಿ ನಿಮ್ಮ ಕಡೆ ಬೂಷ್ಟು ಜಾಸ್ತಿ ಅಲ್ವಾ, ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ.