ಪ್ರೊಟೆಸ್ಟೆಂಟ್ ಮನೆತನದ ನನಗೆ ಕಥೋಲಿಕ ಬಲಿಪೂಜೆಯತ್ತ ಮನಸ್ಸು ಎಳೆಯುತ್ತಿದೆ: ಇದನ್ನು ಹೇಗೆ ತೂಗಿ ನೋಡಲಿ?

ಪ್ರಶ್ನೆ (ಮಂಗಳೂರಿನವಳು, ಈಗ ಬೆಂಗಳೂರಿನಲ್ಲಿ)

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಮ್ಮದು ಸ್ವಿಟ್ಜರ್ಲೆಂಡಿನಿಂದ ಕರಾವಳಿಗೆ ಬಂದ ಬಾಸೆಲ್ ಮಿಶನ್ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಮನೆತನ. ಈಗ ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದವರು. ಸಂಡೆ ಸ್ಕೂಲು, ಯುವಜನ ಸಂಘ, ಕ್ವಾಯರ್ ಇವುಗಳ ನಡುವೆಯೇ ಬೆಳೆದ ನನಗೆ ದಿನವೂ ಸತ್ಯವೇದ ಓದುವ ಅಭ್ಯಾಸವನ್ನು ಕೊಟ್ಟದ್ದು ಈ ಸಭೆಯೇ, ಆ ಋಣವನ್ನು ಮರೆತು ಈ ಪ್ರಶ್ನೆಯನ್ನು ಕೇಳುತ್ತಿಲ್ಲ.

ಕಳೆದ ಈಸ್ಟರ್ ಹಬ್ಬದ ಹಿಂದಿನ ರಾತ್ರಿ, ನನ್ನ ಜೊತೆ ಒಂದೇ ಮನೆಯಲ್ಲಿರುವ ಕಥೋಲಿಕ ಗೆಳತಿಯೊಂದಿಗೆ ಅವರ ಜಾಗರಣೆಗೆ ಹೋಗಿದ್ದೆ. ದೇವಾಲಯದ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿಯನ್ನು ಬೆಳಗಿಸಿ, ಆ ಬೆಳಕನ್ನು ಒಬ್ಬರಿಂದೊಬ್ಬರು ಪಡೆಯುತ್ತಾ ಒಳಗೆ ಹೋದ ಮೇಲೆ, ಸೃಷ್ಟಿಯ ವೃತ್ತಾಂತ, ಅಬ್ರಹಾಮನ ಪರೀಕ್ಷೆ, ಇಸ್ರಾಯೇಲ್ಯರು ಕೆಂಪು ಸಮುದ್ರವನ್ನು ದಾಟಿದ ಪ್ರಸಂಗ, ಪ್ರವಾದಿಗಳ ಮಾತುಗಳು, ಹೀಗೆ ಒಂದಾದ ಮೇಲೊಂದನ್ನು ಓದಿದರು. ಕಥೋಲಿಕರು ಸತ್ಯವೇದಕ್ಕೆ ಬೆಲೆ ಕೊಡುವುದಿಲ್ಲವೆಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದ ನಾನು, ಒಂದೇ ಆರಾಧನೆಯಲ್ಲಿ ಅಷ್ಟು ಅಧ್ಯಾಯಗಳನ್ನು ಕೇಳಿದ್ದು ಅದೇ ಮೊದಲು. ಆಮೇಲೆ ಭಾನುವಾರ ಬೆಳಿಗ್ಗೆ ನಮ್ಮ ಸಭೆಗೂ ಸಂಜೆ ಬಲಿಪೂಜೆಗೂ (ರೊಟ್ಟಿ ದ್ರಾಕ್ಷಾರಸಗಳೊಂದಿಗೆ ಕ್ರಿಸ್ತನ ಬಲಿಯನ್ನು ಆಚರಿಸುವ ಕಥೋಲಿಕರ ಆರಾಧನೆ, ಮಾಸ್) ಹೋಗತೊಡಗಿದೆ. ನಮ್ಮ ಯುವಜನ ಕೂಟಗಳಲ್ಲಿ ದೇವರನ್ನು ಮನಸಾರೆ ಪ್ರೀತಿಸುವವರಿದ್ದಾರೆ; ಆದರೆ ಕೀಬೋರ್ಡು, ಡ್ರಮ್ಸು, ಪರದೆಯ ಮೇಲೆ ಓಡುವ ಸಾಲುಗಳ ನಡುವೆ ಸುಮ್ಮನೆ ಮೊಣಕಾಲೂರಿ ಕೂರಲು ಎಡೆಯೇ ಇರುವುದಿಲ್ಲ. ನನ್ನ ವಯಸ್ಸಿನ ಇನ್ನೂ ಕೆಲವರು ಇದೇ ಮಾತನ್ನು ಹೇಳುತ್ತಾರೆ.

ಇದು ಬರಿಯ ಸೌಂದರ್ಯದ ಆಕರ್ಷಣೆಯೋ, ಅಥವಾ ದೇವರು ನನ್ನನ್ನು ಎಲ್ಲಿಗಾದರೂ ಕರೆಯುತ್ತಿದ್ದಾನೋ ತಿಳಿಯುತ್ತಿಲ್ಲ. ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ನಾನು ಸ್ವೀಕರಿಸಬಹುದೇ? ಜಪಸರ (ರೋಸರಿ ಮಣಿಮಾಲೆ) ಹಿಡಿದು ಪ್ರಾರ್ಥಿಸಿದರೆ ನನ್ನ ಸಭೆಯ ವಿಶ್ವಾಸಕ್ಕೆ ವಿರುದ್ಧವಾಗುತ್ತದೆಯೇ? ವಿಷಯ ತಿಳಿದಾಗಿನಿಂದ ಅಮ್ಮ ನೊಂದುಕೊಂಡಿದ್ದಾರೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಕಥೋಲಿಕ ಧರ್ಮೋಪದೇಶ ಶಿಕ್ಷಕ, ಬೆಂಗಳೂರು)

ಪ್ರಭು ಕ್ರಿಸ್ತರಲ್ಲಿ ವಂದನೆಗಳು, ಸಹೋದರಿ. ಪರಮಪ್ರಸಾದದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಸಂಕೋಚಪಟ್ಟು ಅಸ್ಪಷ್ಟವಾಗಿ ಮಾತನಾಡುವವರೇ ಹೆಚ್ಚು. ಬಲಿಪೂಜೆಗೆ ಬರಲು, ಹಾಡಲು, ಮೊಣಕಾಲೂರಿ ಪ್ರಾರ್ಥಿಸಲು, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳಲು ನಿಮಗೆ ಯಾವ ಅಡ್ಡಿಯೂ ಇಲ್ಲ. ಬೂದಿ ಬುಧವಾರದಂದು ಹಣೆಗೆ ಬೂದಿಯನ್ನೂ ಹಚ್ಚಿಸಿಕೊಳ್ಳಬಹುದು, ಅದು ಪರಮಪ್ರಸಾದದಂತಹ ಸಂಸ್ಕಾರವಲ್ಲ. ಪರಮಪ್ರಸಾದವನ್ನು ಮಾತ್ರ ಈಗ ಸ್ವೀಕರಿಸುವಂತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 844ನೆಯ ವಿಧಿಯು ಮರಣಾಪಾಯದಲ್ಲಿ, ಇಲ್ಲವೇ ಧರ್ಮಾಧ್ಯಕ್ಷರು (ಬಿಷಪ್) ಒಪ್ಪುವಂತಹ ಬೇರೆ ಗಂಭೀರ ಅಗತ್ಯದಲ್ಲಿ, ತಮ್ಮ ಸಭೆಯ ಬೋಧಕರನ್ನು ಕಾಣಲಾಗದ, ದೀಕ್ಷಾಸ್ನಾನ ಪಡೆದ ಇತರ ಕ್ರೈಸ್ತರು ತಾವಾಗಿಯೇ ಕೇಳಿಕೊಂಡು, ಈ ಸಂಸ್ಕಾರದ ಕುರಿತು ಕಥೋಲಿಕ ವಿಶ್ವಾಸವನ್ನು ವ್ಯಕ್ತಪಡಿಸಿದರೆ ಅವಕಾಶ ಕೊಡುತ್ತದೆ. ನಿಮ್ಮ ಪರಿಸ್ಥಿತಿ ಅದಲ್ಲ.

ಇದು ನಿಮ್ಮ ಭಕ್ತಿಯ ಮೇಲಿನ ಅನುಮಾನವೆಂದು ದಯವಿಟ್ಟು ತಿಳಿಯಬೇಡಿ. ಪರಮಪ್ರಸಾದವನ್ನು ಸ್ವೀಕರಿಸುವಾಗ ನಾವು ಹೇಳುವ ‘ಆಮೆನ್’ ಎಂಬುದರಲ್ಲಿ ಅದು ಕ್ರಿಸ್ತರ ಶರೀರವೆಂಬ ಒಪ್ಪಿಗೆಯ ಜೊತೆಗೆ, ಪೋಪ್ ಮತ್ತು ಧರ್ಮಾಧ್ಯಕ್ಷರೊಡನೆ ಐಕ್ಯದಲ್ಲಿರುವ ಈ ಧರ್ಮಸಭೆಯ ವಿಶ್ವಾಸವೇ ನನ್ನ ವಿಶ್ವಾಸ ಎಂಬ ಮಾತೂ ಅಡಗಿದೆ. ಇನ್ನೂ ಮನಸ್ಸು ನಿರ್ಧರಿಸದಿರುವವರ ಬಾಯಿಂದ ಆ ಮಾತನ್ನು ಹೊರಡಿಸುವುದು ಅವರಿಗೇ ಅನ್ಯಾಯ. ಉಳಿದವರು ಎದ್ದು ಹೋಗುವಾಗ ನಿಮ್ಮ ಜಾಗದಲ್ಲಿಯೇ ಕುಳಿತು ಪ್ರಾರ್ಥಿಸಿ.

ನೀವು ಮೆಚ್ಚಿದ ವಾಚನಗಳ ಬಗ್ಗೆ ಒಂದು ಮಾತು. ಲತೀನಿನಲ್ಲಿದ್ದ ಬಲಿಪೂಜೆ ಜನರ ಭಾಷೆಗಳಿಗೆ ಬಂದದ್ದೂ, ಅದರಲ್ಲಿ ಶ್ರೀಗ್ರಂಥದ ಪಾಲು ಹೆಚ್ಚಿದ್ದೂ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನದ ಫಲ. 1969ರಲ್ಲಿ ಸಿದ್ಧವಾದ, ಭಾನುವಾರಗಳಿಗೆ ಮೂರು ವರ್ಷಗಳ ಸುತ್ತು ಇರುವ ವಾಚನಕ್ರಮವನ್ನೇ ಆಧಾರವಾಗಿಟ್ಟುಕೊಂಡು ಅಮೆರಿಕ ಮೊದಲಾದ ಕಡೆಯ ಅನೇಕ ಪ್ರೊಟೆಸ್ಟೆಂಟ್ ಸಭೆಗಳು 1992ರಲ್ಲಿ ತಮ್ಮ ಸಾಮಾನ್ಯ ವಾಚನಕ್ರಮವನ್ನು ರೂಪಿಸಿಕೊಂಡವು.

ಆದರೆ ನೀವು ಬಂದಿದ್ದ ಈಸ್ಟರ್ ಹಿಂದಿನ ರಾತ್ರಿಯ ಪಾಸ್ಖ ಜಾಗರಣೆ ನಮ್ಮ ವರ್ಷದ ಅತಿ ದೊಡ್ಡ ರಾತ್ರಿ. ಅದನ್ನು ನೋಡಿ ನಿರ್ಧರಿಸಬೇಡಿ. ವಾರದ ಮಧ್ಯೆ, ಮುಂಜಾನೆ, ಹಾಡಿಲ್ಲದೆ, ಹತ್ತಾರು ಜನರ ನಡುವೆ ನಡೆಯುವ ಬಲಿಪೂಜೆಗೂ ಬನ್ನಿ. ಪ್ರಬೋಧನೆ ಸಪ್ಪೆಯಾಗಿರುವ ಭಾನುವಾರಕ್ಕೂ ಬನ್ನಿ. ನಾನು ಕಂಡಂತೆ ನಮ್ಮ ಧರ್ಮಕೇಂದ್ರಗಳ ಯುವಜನರಲ್ಲಿ ಅನೇಕರು, ಬಲಿಪೂಜೆಯಲ್ಲಿ ಜೀವವಿಲ್ಲವೆಂದು ಹೇಳಿ, ನೀವು ಬಿಟ್ಟುಬರಲು ಬಯಸುತ್ತಿರುವಂತಹ ವಾದ್ಯಗಳ ಪ್ರಾರ್ಥನಾ ಕೂಟಗಳಿಗೇ ಹೋಗುತ್ತಿದ್ದಾರೆ. ಆದ್ದರಿಂದ ಆರಾಧನೆಯ ಹೊರರೂಪವೊಂದೇ ಯಾರನ್ನೂ ಬಹಳ ಕಾಲ ಹಿಡಿದಿಡಲಾರದು.

ಉತ್ತರ 2 (ಸಿ.ಎಸ್.ಐ. ನಿವೃತ್ತ ಸಭಾಪಾಲಕ, ಧಾರವಾಡ)

ಮಗಳೇ, ನಿನ್ನ ಹಸಿವು ಸಾಚಾ ಹಸಿವು. ಅದನ್ನು ಸೌಂದರ್ಯದ ಮೋಹವೆಂದು ತಳ್ಳಿಹಾಕುವವರ ಮಾತಿಗೆ ಕಿವಿಗೊಡಬೇಡ. ಆದರೆ ಈ ಹಸಿವು ಒಂದೇ ದಾರಿಗೆ ಒಯ್ಯುತ್ತದೆಂದೂ ತಿಳಿಯಬೇಡ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 1833ರಲ್ಲಿ ಜಾನ್ ಕೀಬಲ್ ಮಾಡಿದ ಪ್ರಸಂಗದಿಂದ ಆರಂಭವಾಯಿತೆಂದು ಹೇಳುವ ಚಳವಳಿಯಲ್ಲಿ ನ್ಯೂಮನ್, ಕೀಬಲ್, ಪ್ಯೂಸಿ ಎಂಬ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ) ಬೋಧಕರು ಮೂವರೂ ಜೊತೆಯಾಗಿ ಮೊದಲ ಶತಮಾನಗಳ ಬರಹಗಾರರಾದ ಸಭಾಪಿತೃಗಳನ್ನು ಓದಿದರು, ಸಂಸ್ಕಾರಗಳ ಗೌರವವನ್ನು ಮತ್ತೆ ಎತ್ತಿಹಿಡಿದರು. ನ್ಯೂಮನ್ 1845ರಲ್ಲಿ ಕಥೋಲಿಕರಾದರು, 2019ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಕೀಬಲ್ ಮತ್ತು ಪ್ಯೂಸಿ ಸಾಯುವ ತನಕ ಆಂಗ್ಲಿಕನ್ ಸಭೆಯಲ್ಲಿಯೇ ಉಳಿದರು. ಅವರ ಭಕ್ತಿ ನ್ಯೂಮನ್ನರ ಭಕ್ತಿಗಿಂತ ಕಡಿಮೆಯದೆಂದು ಹೇಳಲು ನನಗೆ ಬಾಯಿ ಬಾರದು.

ನಿನಗೆ ಕಥೋಲಿಕವೆಂದು ತೋರುತ್ತಿರುವುದರಲ್ಲಿ ಬಹುಪಾಲನ್ನು ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರೇ ಬಿಟ್ಟಿರಲಿಲ್ಲ. ಲೂಥರನು 1529ರ ತನ್ನ ಚಿಕ್ಕ ಧರ್ಮಬೋಧೆಯಲ್ಲಿ ಬೆಳಿಗ್ಗೆ ಎದ್ದಾಗಲೂ ರಾತ್ರಿ ಮಲಗುವಾಗಲೂ ಶಿಲುಬೆಯ ಗುರುತನ್ನು ಮಾಡಿಕೊಂಡು ಪ್ರಾರ್ಥಿಸುವಂತೆ ಕಲಿಸಿದ್ದಾನೆ. ಲೂಥರನ ಕಡೆಯವರ 1530ರ ಔಗ್ಸ್‌ಬರ್ಗ್ ವಿಶ್ವಾಸ ನಿರೂಪಣೆಯು, ನಾವು ಬಲಿಪೂಜೆಯನ್ನು ರದ್ದುಮಾಡಿಲ್ಲ, ಅದನ್ನು ಪರಮ ಗೌರವದಿಂದ ಆಚರಿಸುತ್ತೇವೆ ಎಂದು ಹೇಳಿಕೊಳ್ಳುತ್ತದೆ. ಕರ್ತನ ಭೋಜನ, ಅಂದರೆ ನಮ್ಮಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ, ವಾರಕ್ಕೊಮ್ಮೆಯಾದರೂ ನಡೆಯಬೇಕೆಂಬುದು ಕ್ಯಾಲ್ವಿನನ ಆಸೆಯಾಗಿತ್ತು. ಜಿನೀವಾದ ಆಡಳಿತದವರು ಒಪ್ಪಲಿಲ್ಲ, ವರ್ಷಕ್ಕೆ ನಾಲ್ಕು ಬಾರಿ ಮಾತ್ರ ನಡೆಯಿತು. ಆ ರೂಢಿಯ ನೆರಳು ಇಂದಿಗೂ ಅನೇಕ ಸಭೆಗಳ ಮೇಲಿದೆ.

ನಮ್ಮ ಸಭೆಯದೇ ಆಸ್ತಿಯನ್ನು ನೋಡು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಸಭೆಗಳು ಕೂಡಿ ಸಿ.ಎಸ್.ಐ. ಆದ ಮೇಲೆ, 1950ರಲ್ಲಿ ಸಿದ್ಧವಾದ ಕರ್ತನ ಭೋಜನದ ಕ್ರಮದಲ್ಲಿ ಬೋಧಕರು ಮೇಜಿನ ಹಿಂದೆ ಜನರ ಕಡೆಗೆ ಮುಖಮಾಡಿ ನಿಲ್ಲುತ್ತಾರೆ, ಸಭೆಯವರು ಕೈಯಿಂದ ಕೈಗೆ ಸಮಾಧಾನವನ್ನು ದಾಟಿಸುತ್ತಾರೆ, ಕರ್ತನ ಮರಣವನ್ನು ಸ್ಮರಿಸಿ ಪುನರುತ್ಥಾನವನ್ನು ಅರಿಕೆಮಾಡಿ ಎರಡನೆಯ ಬರೋಣವನ್ನು ಎದುರುನೋಡುವ ಉತ್ತರವನ್ನು ಒಟ್ಟಾಗಿ ಹೇಳುತ್ತಾರೆ. ಆ ಉತ್ತರ ಬಂದದ್ದು ಪೂರ್ವದ ಸುರಿಯಾನಿ ಆರಾಧನಾ ಪರಂಪರೆಯಿಂದ. ಇಂತಹದೇ ಉತ್ತರ ರೋಮಿನ ಬಲಿಪೂಜೆಯಲ್ಲಿ ಸೇರಿದ್ದು ಅದಾದ ಮೇಲೆ, 1969ರ ಹೊಸ ಕ್ರಮದಲ್ಲಿ. ಈ ಕ್ರಮವನ್ನು ಅವಸರದಲ್ಲಿ ಓದಿ ಮುಗಿಸುವ ಬೋಧಕರ ಪೈಕಿ ನಾವೂ ಇದ್ದೇವೆ, ಆ ಹೊಣೆ ಯುವಜನರ ಮೇಲಿಲ್ಲ.

ನಿಮ್ಮ ಕರಾವಳಿಯ ಸಭೆಗಳ ಸರಳತೆಗೆ ಬೇರೆಯೇ ಕಾರಣವುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನರಿಗಳು ಬೆಳೆದದ್ದು ವುರ್ಟೆಂಬರ್ಗ್ ಮತ್ತು ಸ್ವಿಟ್ಜರ್ಲೆಂಡಿನ ಭಕ್ತಿಪಂಥದಲ್ಲಿ. ಹೃದಯದ ಪರಿವರ್ತನೆ, ಮನೆಯಲ್ಲಿ ವೇದಪಾರಾಯಣ, ಪ್ರಸಂಗ, ಕೀರ್ತನೆ ಇವೇ ಅವರಿಗೆ ಮುಖ್ಯ. ನಿನಗೆ ಸತ್ಯವೇದ ಓದುವ ಅಭ್ಯಾಸ ಬಂದದ್ದು ಆ ಬೇರಿನಿಂದಲೇ.

ಜಪಸರದ ವಿಷಯದಲ್ಲಿ ಮಾತ್ರ ಒಂದು ಗೆರೆ ಇದೆ. ಅದರ ಧ್ಯಾನಗಳಲ್ಲಿ ಹೆಚ್ಚಿನವು ಕ್ರಿಸ್ತನ ಜೀವನದ ಘಟನೆಗಳೇ. ‘ನಮೋ ಮರಿಯಾ’ ಪ್ರಾರ್ಥನೆಯ ಮೊದಲ ಭಾಗ ಲೂಕನು ಬರೆದ ಸುವಾರ್ತೆಯ 1ನೆಯ ಅಧ್ಯಾಯದ ಮಾತುಗಳು, ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಎರಡನೆಯ ಭಾಗ ಮರಿಯಳ ಬಿನ್ನಹವನ್ನು ಕೋರುತ್ತದೆ. ಔಗ್ಸ್‌ಬರ್ಗ್ ನಿರೂಪಣೆಯ 21ನೆಯ ಪ್ರಕರಣ ಸಂತರನ್ನು ನಮ್ಮ ವಿಶ್ವಾಸಕ್ಕೆ ಮಾದರಿಯಾಗಿ ನೆನೆಯಬೇಕೆನ್ನುತ್ತದೆ, ಅವರಿಗೆ ಮೊರೆಯಿಡಲು ವಚನದ ಆಧಾರವಿಲ್ಲವೆನ್ನುತ್ತದೆ. ಈ ಗೆರೆಯನ್ನು ದಾಟುವುದಾದರೆ ಏಕೆ ದಾಟುತ್ತಿದ್ದೇನೆಂದು ತಿಳಿದು ದಾಟು, ಮಣಿಗಳು ಕೈಗೆ ಹಿತವೆಂದು ದಾಟಬೇಡ.

ಉತ್ತರ 3 (ಅಧ್ಯಾಪಕಿ, ಮೈಸೂರು)

ನಾನು ಮೆಥಡಿಸ್ಟ್ ಮನೆಯಲ್ಲಿ ಹುಟ್ಟಿ, ಬಹಳ ವರ್ಷ ಓದಿ ಪ್ರಾರ್ಥಿಸಿ ಕಥೋಲಿಕಳಾದವಳು. ನಿಮಗಿಂತ ಮೊದಲೇ ಈ ಹಾದಿಯಲ್ಲಿ ನಡೆದ ಕಾರಣ ಬರೆಯುತ್ತಿದ್ದೇನೆ.

ತ್ರಿಯೇಕ ದೇವರ ಹೆಸರಿನಲ್ಲಿ ನೀರಿನಿಂದ ಪಡೆದ ದೀಕ್ಷಾಸ್ನಾನವನ್ನು ಕಥೋಲಿಕ ಧರ್ಮಸಭೆಗೆ ಸೇರುವಾಗ ಮತ್ತೆ ಕೊಡುವುದಿಲ್ಲ. ಪಾಪನಿವೇದನೆ ಮಾಡಿ, ವಿಶ್ವಾಸವನ್ನು ಘೋಷಿಸಿ, ದೀಕ್ಷಾಸ್ನಾನವನ್ನು ಬಲಪಡಿಸುವ ದೃಢೀಕರಣ ಸಂಸ್ಕಾರವನ್ನೂ ಪರಮಪ್ರಸಾದವನ್ನೂ ಸ್ವೀಕರಿಸುತ್ತೇವೆ. ಆ ಘೋಷಣೆ ಚಿಕ್ಕದು: ಪವಿತ್ರ ಕಥೋಲಿಕ ಧರ್ಮಸಭೆ ದೇವರಿಂದ ಪ್ರಕಟವಾದುದೆಂದು ವಿಶ್ವಾಸಿಸಿ, ಬೋಧಿಸಿ, ಸಾರುವ ಎಲ್ಲವನ್ನೂ ನಾನು ವಿಶ್ವಾಸಿಸುತ್ತೇನೆ. ಧೂಪ, ಮೌನ, ದೀಪ ನನ್ನನ್ನು ಬಾಗಿಲ ತನಕ ತಂದವು, ಆದರೆ ‘ಎಲ್ಲವನ್ನೂ’ ಎಂದು ಹೇಳುವ ಶಕ್ತಿಯನ್ನು ಅವು ಕೊಡಲಿಲ್ಲ. 1854ರಲ್ಲಿ ಘೋಷಿಸಿದ ಮರಿಯ ಮಾತೆಯ ನಿಷ್ಕಳಂಕ ಗರ್ಭಧಾರಣೆ (ತಾಯಿಯ ಗರ್ಭದಲ್ಲಿ ರೂಪುಗೊಂಡಾಗಿನಿಂದಲೇ ಮರಿಯಳಿಗೆ ಜನ್ಮಪಾಪವಿಲ್ಲವೆಂಬುದು), 1950ರಲ್ಲಿ ಘೋಷಿಸಿದ ಸ್ವರ್ಗಸ್ವೀಕಾರ (ಅವಳನ್ನು ದೇಹಸಹಿತ ಸ್ವರ್ಗಕ್ಕೆ ಸೇರಿಸಿಕೊಂಡರೆಂಬುದು), 1870ರ ಪೋಪ್‌ರ ಅಪ್ರಮಾದತ್ವ (ವಿಶ್ವಾಸದ ವಿಷಯದಲ್ಲಿ ಅಧಿಕೃತವಾಗಿ ಘೋಷಿಸುವಾಗ ಅವರು ತಪ್ಪಲಾರರೆಂಬುದು) ಇವುಗಳನ್ನು ಒಪ್ಪಲು ನನಗೆ ತಡವಾಯಿತು. ಕೊನೆಗೆ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಂತಿತು: ಶ್ರೀಗ್ರಂಥದ ಅರ್ಥದಲ್ಲಿ ಭಿನ್ನಾಭಿಪ್ರಾಯ ಬಂದಾಗ ತೀರ್ಮಾನಿಸುವ ಅಧಿಕಾರವನ್ನು ಕ್ರಿಸ್ತರು ಯಾರಿಗೆ ಕೊಟ್ಟರು? ನಿಮ್ಮ ಉತ್ತರ ಕಥೋಲಿಕ ಉತ್ತರವಲ್ಲದಿದ್ದರೆ, ಎಷ್ಟೇ ಪ್ರೀತಿಯಿದ್ದರೂ ಸೇರಬೇಡಿ. ನಿಮ್ಮ ಸಭೆಯಲ್ಲಿಯೇ ಇದ್ದು ಆ ಪ್ರೀತಿಯನ್ನು ಅಲ್ಲಿಗೆ ಒಯ್ಯಿರಿ.

ಕಳೆದುಕೊಂಡದ್ದನ್ನೂ ಹೇಳಬೇಕು. ಇಡೀ ಸಭೆ ನಾಲ್ಕು ದನಿಗಳಲ್ಲಿ ಹಾಡುವ ಕೀರ್ತನೆಗಳು ನನಗೆ ಈಗ ಅಪರೂಪ. ಅದಕ್ಕಿಂತ ದೊಡ್ಡದು, ಕ್ರಿಸ್ಮಸ್‌ಗೆ ಊರಿಗೆ ಹೋದಾಗ ಅಮ್ಮನ ಪಕ್ಕದಲ್ಲಿ ಕುಳಿತು ಕರ್ತನ ಭೋಜನವನ್ನು ತೆಗೆದುಕೊಳ್ಳಲಾರೆ. ಈ ನೋವಿಗೆ ನನ್ನಲ್ಲಿ ಪರಿಹಾರವಿಲ್ಲ. ನಿಮ್ಮ ತಾಯಿಗೆ ಒಂದು ಸಂಗತಿಯನ್ನು ತಿಳಿಸಿ: ವಿಶ್ವಾಸದಿಂದ ನೀತಿವಂತರೆನಿಸಿಕೊಳ್ಳುವ ವಿಷಯದಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ 1999ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು, 2006ರಲ್ಲಿ ವಿಶ್ವ ಮೆಥಡಿಸ್ಟ್ ಸಮಿತಿಯೂ ಸೇರಿತು. ಮಗಳು ಕೃಪೆಯನ್ನು ಬಿಟ್ಟು ಕ್ರಿಯೆಗಳ ಕಡೆಗೆ ಹೋಗುತ್ತಿದ್ದಾಳೆಂಬುದು ಅವರ ಭಯವಾಗಿದ್ದರೆ, ಅದನ್ನು ಕಡಿಮೆ ಮಾಡಲು ಇದು ನೆರವಾದೀತು. ಮಗಳು ದೂರವಾಗುತ್ತಿದ್ದಾಳೆಂಬ ಭಯಕ್ಕೆ ಬೇಕಾದದ್ದು ಬೇರೆ. ಆಗಾಗ ಮನೆಗೆ ಹೋಗಿ.

ಪ್ರಶ್ನೆ ಕೇಳಿದವಳು

ಮೂವರಿಗೂ ಕೃತಜ್ಞತೆಗಳು. ಪರಮಪ್ರಸಾದವನ್ನು ಸ್ವೀಕರಿಸುವುದಿಲ್ಲ. ಅಧಿಕಾರದ ಪ್ರಶ್ನೆಯನ್ನು ನಾನು ಇಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ. ಅದಕ್ಕೆ ಸಮಯ ಬೇಕು. ಅಯ್ಯನವರೇ, ಅಷ್ಟರವರೆಗೆ ನಮ್ಮ ಸಭೆಯೊಳಗೆ ಮೌನವಾಗಿ ಪ್ರಾರ್ಥಿಸಲು, ಕರ್ತನ ಭೋಜನದಲ್ಲಿ ಹೆಚ್ಚು ಬಾರಿ ಸೇರಲು ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಲಿ?

ಉತ್ತರ 2ರ ಸಭಾಪಾಲಕ

ಸೇಂಟ್ ಮಾರ್ಕ್ಸ್ ಕೆಥೀಡ್ರಲ್‌ನಂತಹ ಆಂಗ್ಲಿಕನ್ ಮೂಲದ ಸಭೆಗಳಲ್ಲಿ ಕರ್ತನ ಭೋಜನಕ್ಕೆ ಮೊದಲಿನಿಂದಲೂ ಹೆಚ್ಚಿನ ಸ್ಥಾನವಿದೆ. ಆರಾಧನೆಯ ಸಮಯಗಳನ್ನು ಅಲ್ಲಿಯೇ ವಿಚಾರಿಸು. ಸಿ.ಎಸ್.ಐ. ಸಹೋದರಿಯರ ಸಂಘದ ವಿಶ್ರಾಂತಿ ನಿಲಯವೂ ಬೆಂಗಳೂರಿನಲ್ಲಿಯೇ ಇದೆ, ಒಂದು ದಿನವನ್ನು ಪ್ರಾರ್ಥನೆಯಲ್ಲಿ ಕಳೆಯಲು ಅವಕಾಶವುಂಟೇ ಎಂದು ಅಲ್ಲಿ ಕೇಳಬಹುದು. ನಿನ್ನ ಸಭಾಪಾಲಕರಿಗೆ ಇದನ್ನು ಮುಚ್ಚಿಡಬೇಡ. ಬಲಿಪೂಜೆಗೂ ಹೋಗುತ್ತಿದ್ದೇನೆಂದು ನೇರವಾಗಿ ಹೇಳು, ಜೊತೆಗೆ ಇದೇ ಹಸಿವಿರುವ ನಿನ್ನ ಗೆಳೆಯ ಗೆಳತಿಯರನ್ನೂ ಕರೆದುಕೊಂಡು ಹೋಗಿ, 1950ರ ಆ ಕ್ರಮವನ್ನು ತಿಂಗಳಿಗೊಮ್ಮೆಯಾದರೂ ಅವಸರವಿಲ್ಲದೆ, ಮೌನಕ್ಕೆ ಎಡೆಕೊಟ್ಟು, ಪೂರ್ತಿಯಾಗಿ ನಡೆಸಿಕೊಡುವಂತೆ ಕೇಳು.